ಸೋಷಿಯಲ್ ಮೀಡಿಯಾ ಬಳಸಿ ನಿಮ್ಮೂರಿನ ಹಕ್ಕಿಗಳನ್ನು ಕಲಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಕ್ಕಿಗಳ ರೀಲ್ಸ್ ನೋಡುವವರಿಗೆ ಇವತ್ತು ಕೊರತೆ ಇಲ್ಲ. ಇನ್‌ಸ್ಟಾಗ್ರಾಂ ತೆರೆದರೆ ಮಿಂಚುಳ್ಳಿ ಮೀನು ಹಿಡಿಯುವ ಸ್ಲೋ ಮೋಷನ್ ವಿಡಿಯೋ, ಅದರ ಹಿಂದೆಯೇ ಗರಿ ಬಿಚ್ಚಿದ ನವಿಲು. ಲೈಕ್ ಒತ್ತುತ್ತೇವೆ, ಮುಂದೆ ಹೋಗುತ್ತೇವೆ. ಹೀಗೆ ವರ್ಷಗಟ್ಟಲೆ ನೋಡಿದವರಿಗೂ ಮನೆ ಮುಂದಿನ ತಂತಿಯ ಮೇಲೆ ಕೂತ ಹಕ್ಕಿಯ ಹೆಸರು ಹೇಳಲು ಬರುವುದಿಲ್ಲ. ಅದೇ ಫೋನು, ಅದೇ ಆ್ಯಪ್‌ಗಳನ್ನು ಇಟ್ಟುಕೊಂಡು ಇನ್ನು ಕೆಲವರು ತಮ್ಮ ಕೆರೆ, ತಮ್ಮ ತೋಟದ ಹಕ್ಕಿಗಳನ್ನು ಒಂದೊಂದಾಗಿ ಗುರುತಿಸುವ ಮಟ್ಟಕ್ಕೆ ಬರುತ್ತಾರೆ. ಇವರು ಮಾಡುವ ಬೇರೆ ಕೆಲಸ ಒಂದೇ. ತಮ್ಮ ಊಹೆಯನ್ನು ನಾಲ್ಕು ಜನರ ಮುಂದೆ ಇಡುತ್ತಾರೆ, ತಿದ್ದಿಸಿಕೊಳ್ಳುತ್ತಾರೆ.

ಇದಕ್ಕೆ ಕಾರಣವೂ ಇದೆ. 2006ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಒಂದು ಪ್ರಯೋಗ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಹೋಗಿದ್ದರು. ರೀಲ್ಸ್ ನೋಡುವುದು ಮತ್ತೆ ಓದಿದ ಹಾಗೆಯೇ. ನೋಡುವಾಗ ಎಲ್ಲ ಗೊತ್ತಾದಂತೆ ಅನಿಸುತ್ತದೆ, ವಾರ ಕಳೆದರೆ ಏನೂ ಉಳಿದಿರುವುದಿಲ್ಲ. ಮೊದಲು ನಾವೇ ಉತ್ತರ ಹೇಳಬೇಕು, ಆಮೇಲೆ ಸರಿಯೋ ತಪ್ಪೋ ನೋಡಬೇಕು. ಕೆಳಗಿನ ಎಲ್ಲ ಹಂತಗಳ ಉದ್ದೇಶ ಇಷ್ಟೇ.

ಇಲ್ಲಿ ಹಕ್ಕಿಗಳನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ನಿಮಗೆ ಕೈತೋಟ, ಶಾಸನ ಓದುವುದು, ಪ್ರೋಗ್ರಾಮಿಂಗ್ ಕಲಿಯಬೇಕಿದ್ದರೂ ದಾರಿ ಇದೇ, ಆ್ಯಪ್‌ಗಳ ಹೆಸರು ಬದಲಾಗುತ್ತದೆ ಅಷ್ಟೇ.

ಹಂತ 1: ಒಂದು ಜಾಗ, ಹತ್ತು ಹನ್ನೆರಡು ಹಕ್ಕಿ

"ಹಕ್ಕಿಗಳನ್ನು ಕಲಿಯಬೇಕು" ಅಂತ ಹೊರಟರೆ ಕಲಿಕೆ ಮುಂದಕ್ಕೆ ಹೋಗುವುದಿಲ್ಲ. ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಫೀಡ್ ನಿಮಗೆ ಇವತ್ತು ಅರುಣಾಚಲದ್ದನ್ನು, ನಾಳೆ ಕಚ್‌ನದ್ದನ್ನು ತೋರಿಸುತ್ತದೆ. ಎರಡೂ ನಿಮ್ಮ ಮನೆ ಹತ್ತಿರ ಸಿಗುವುದಿಲ್ಲ, ಹಾಗಾಗಿ ಎರಡೂ ಮರೆತುಹೋಗುತ್ತವೆ.

ದಿನಾ ಹೋಗಿಬರಬಹುದಾದ ಒಂದು ಜಾಗ ಆರಿಸಿಕೊಳ್ಳಿ. ಕೆರೆ ಏರಿ, ಪಾರ್ಕು, ಅಡಿಕೆ ತೋಟ, ಮನೆ ಮಹಡಿ, ಯಾವುದಾದರೂ ಆಗುತ್ತದೆ. ಅಲ್ಲಿ ಸಿಗುವ ಹತ್ತು ಹನ್ನೆರಡು ಹಕ್ಕಿಗಳ ಪಟ್ಟಿ ಮಾಡಿ. ಬಯಲುಸೀಮೆಯ ಊರಾದರೆ ಗೊರವಂಕ, ಕಾಜಾಣ, ಪಿಕಳಾರ, ಕೆಂಬೂತ, ಮಡಿವಾಳ, ಬೆಳ್ಳಕ್ಕಿ, ಮಿಂಚುಳ್ಳಿ, ಸೂರಕ್ಕಿ, ಕುಟ್ರ, ನೀಲಕಂಠ, ಗರುಡ ಇಷ್ಟರಲ್ಲಿ ಬಹುಪಾಲು ಸಿಕ್ಕೇ ಸಿಗುತ್ತವೆ. ಈ ಪಟ್ಟಿಯಲ್ಲೇ ಬೇಕಾದಷ್ಟು ಕೆಲಸ ಇದೆ. ಕುಟ್ರ ಅಂದರೆ ಯಾವ ಕುಟ್ರ? ಬೆಳ್ಳಕ್ಕಿ ಅಂದರೆ ಯಾವ ಬೆಳ್ಳಕ್ಕಿ? ಕಲಿಕೆ ಶುರುವಾಗುವುದು ಇಂಥ ಪ್ರಶ್ನೆಗಳಿಂದ.

ಹಂತ 2: ಫೀಡನ್ನು ಪಳಗಿಸಿ

ನೀವು ಯಾವುದರ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೀರೋ ಅದನ್ನೇ ಫೀಡ್ ಮತ್ತೆ ತಂದು ಕೊಡುತ್ತದೆ. ಹಾಗಾಗಿ ಮೊದಲ ಕೆಲಸ ಶುಚಿ ಮಾಡುವುದು.

ಯೂಟ್ಯೂಬಿನಲ್ಲಿ ಕಲಿಕೆಗೆ ಅಂತಲೇ ಬೇರೆ ಗೂಗಲ್ ಖಾತೆ ಮಾಡಿಕೊಳ್ಳಿ. ಇದು ಅತಿ ಸುಲಭದ, ಅತಿ ಹೆಚ್ಚು ಫಲ ಕೊಡುವ ಉಪಾಯ. ಆ ಖಾತೆಯಲ್ಲಿ ಹಕ್ಕಿ ಬಿಟ್ಟು ಬೇರೆ ಏನನ್ನೂ ನೋಡಬೇಡಿ. ಬೇಡದ ವಿಡಿಯೋ ಬಂದರೆ ಮೂರು ಚುಕ್ಕೆ ಒತ್ತಿ "ಆಸಕ್ತಿ ಇಲ್ಲ" ಅಥವಾ "ಈ ಚಾನೆಲ್ ಶಿಫಾರಸು ಮಾಡಬೇಡಿ" ಆಯ್ಕೆ ಮಾಡಿ. ಶಿಫಾರಸುಗಳೇ ಬೇಡ ಅನ್ನುವವರು ವೀಕ್ಷಣೆ ಇತಿಹಾಸ ಅಳಿಸಿ ನಿಲ್ಲಿಸಿದರೆ ಮುಖಪುಟ ಬಹುತೇಕ ಖಾಲಿಯಾಗುತ್ತದೆ. ಆಗ ಹುಡುಕಿದ್ದು ಮಾತ್ರ ಕಾಣುತ್ತದೆ.

ಇನ್‌ಸ್ಟಾಗ್ರಾಂನಲ್ಲಿ ಸೆಟ್ಟಿಂಗ್ಸ್ ಒಳಗೆ ಶಿಫಾರಸುಗಳನ್ನು ಪೂರ್ತಿ ರೀಸೆಟ್ ಮಾಡುವ ಸೌಲಭ್ಯ ಇದೆ. ಫಾಲೋ ಮಾಡಿದವರ ಪೋಸ್ಟ್ ಮಾತ್ರ ತೋರಿಸುವ ಫಾಲೋಯಿಂಗ್ ಫೀಡ್ ಕೂಡ ಇದೆ. ಫೇಸ್‌ಬುಕ್ಕಿನಲ್ಲಿ ಫೀಡ್ಸ್ ಅನ್ನುವ ಜಾಗಕ್ಕೆ ಹೋದರೆ ಗ್ರೂಪ್‌ಗಳ ಪೋಸ್ಟ್‌ಗಳನ್ನು ಮಾತ್ರ ನೋಡಬಹುದು.

ಯಾರನ್ನು ಫಾಲೋ ಮಾಡಬೇಕು? ಚಿತ್ರ ಚೆನ್ನಾಗಿ ತೆಗೆಯುವವರೆಲ್ಲ ಕಲಿಸುವವರಲ್ಲ. ಪೋಸ್ಟಿನ ಕೆಳಗಿನ ಬರಹ ನೋಡಿ. ಹಕ್ಕಿಯ ಹೆಸರು, ಜಾಗ, ತಿಂಗಳು, "ಇದು ಹೆಣ್ಣು, ಯಾಕೆಂದರೆ ಹೀಗೆ" ಅನ್ನುವ ವಿವರ ಇದ್ದರೆ ಅವರು ನಿಮಗೆ ಬೇಕಾದವರು. ಬರೀ ಕ್ಯಾಮೆರಾ ಲೆನ್ಸಿನ ನಂಬರ್ ಮತ್ತು ಮೂವತ್ತು ಹ್ಯಾಶ್‌ಟ್ಯಾಗ್ ಇದ್ದರೆ ಬಿಡಿ. ಇಂಥವರು ಎಂಟು ಹತ್ತು ಜನ ಸಾಕು.

ಹಂತ 3: ತಿದ್ದುವ ಜನ ಎಲ್ಲಿದ್ದಾರೆ?

ಪ್ರತಿ ಆ್ಯಪ್‌ಗೂ ಅದರದೇ ಗುಣ ಇದೆ. ಎಲ್ಲದರಲ್ಲೂ ಎಲ್ಲ ಕೆಲಸ ಆಗುವುದಿಲ್ಲ.

ಹಕ್ಕಿ, ಗಿಡ, ಚಿಟ್ಟೆ ಕಲಿಯುವವರಿಗೆ ನಾನು ಮೊದಲು ಹೇಳುವುದು ಐನ್ಯಾಚುರಲಿಸ್ಟ್. 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ ತಾಣ ಇದು. ಈಗ ಲಾಭರಹಿತ ಸಂಸ್ಥೆಯಾಗಿ ನಡೆಯುತ್ತಿದೆ. ನೀವು ಫೋಟೋ, ದಿನಾಂಕ, ಜಾಗ ಹಾಕುತ್ತೀರಿ. ಆ್ಯಪ್ ಒಂದು ಊಹೆ ಹೇಳುತ್ತದೆ. ಆಮೇಲೆ ಬೇರೆ ಊರಿನ, ಬೇರೆ ದೇಶದ ಜನ ಬಂದು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಜಾತಿಗೆ ಒಪ್ಪಿದರೆ ಆ ದಾಖಲೆ "ರಿಸರ್ಚ್ ಗ್ರೇಡ್", ಅಂದರೆ ಸಂಶೋಧನೆಗೆ ಬಳಸಬಹುದಾದ ಮಟ್ಟದ್ದು, ಆಗುತ್ತದೆ. ಇಲ್ಲಿ ಲೈಕ್‌ಗೆ ಬೆಲೆ ಇಲ್ಲ, ಫೋಟೋ ಮಸುಕಾಗಿದ್ದರೂ ಯಾರೂ ನಗುವುದಿಲ್ಲ. ಗುರುತು ಸಿಗುವಷ್ಟು ಕಂಡರೆ ಸಾಕು. ಹೊಸಬರಿಗೆ ಇದು ದೊಡ್ಡ ಸಮಾಧಾನ.

ಎರಡನೆಯದು ಇಬರ್ಡ್. 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ಮತ್ತು ಆಡುಬಾನ್ ಸೊಸೈಟಿ ಸೇರಿ ಶುರುಮಾಡಿದ್ದು. ಇಲ್ಲಿ ಒಂದೊಂದು ಹಕ್ಕಿಯ ಬದಲು ಇಡೀ ನಡಿಗೆಯ ಚೆಕ್‌ಲಿಸ್ಟ್, ಅಂದರೆ ಕಂಡ ಹಕ್ಕಿಗಳೆಲ್ಲದರ ಪಟ್ಟಿ, ಹಾಕುತ್ತೀರಿ. ಆ ಜಾಗಕ್ಕೆ, ಆ ತಿಂಗಳಿಗೆ ಅಪರೂಪ ಅನಿಸುವ ಹಕ್ಕಿ ಹಾಕಿದರೆ ಆ್ಯಪ್ ಎಚ್ಚರಿಸುತ್ತದೆ, ಸ್ವಯಂಸೇವಕ ಪರಿಶೀಲಕರು ವಿವರ ಕೇಳಬಹುದು. ಹಾಗೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಗೊತ್ತಿರುವವರೊಬ್ಬರು ನಿಮ್ಮ ದಾಖಲೆಯನ್ನು ಕೂತು ನೋಡಿದ್ದಾರೆ, ಅದೇ ದೊಡ್ಡದು. ಇಬರ್ಡ್‌ನಲ್ಲಿ ಕ್ವಿಜ್ ಕೂಡ ಇದೆ. ಜಾಗ ಮತ್ತು ದಿನಾಂಕ ಕೊಟ್ಟರೆ ಅಲ್ಲಿ ಆ ಕಾಲದಲ್ಲಿ ಸಿಗುವ ಹಕ್ಕಿಗಳ ಚಿತ್ರ ಅಥವಾ ದನಿಯನ್ನೇ ಪ್ರಶ್ನೆಯಾಗಿ ಕೊಡುತ್ತದೆ. ಬಸ್ಸಿನಲ್ಲಿ ಕೂತಾಗ ರೀಲ್ಸ್ ಬದಲು ಇದನ್ನು ತೆರೆಯಿರಿ.

ದನಿಗೆ ಮರ್ಲಿನ್ ಆ್ಯಪ್, ಹಕ್ಕಿಗಳ ದನಿಮುದ್ರಣಗಳನ್ನು ಕೂಡಿಟ್ಟಿರುವ ಝೆನೊ ಕ್ಯಾಂಟೊ ತಾಣ. ಮರ್ಲಿನ್ ಫೋನಿನ ಮೈಕ್‌ನಲ್ಲಿ ಕೇಳಿಸಿದ್ದನ್ನು ಗುರುತಿಸುತ್ತದೆ. ಆದರೆ ಅದು ಹೇಳಿದ್ದೇ ಕೊನೆಯ ಮಾತಲ್ಲ. ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುತ್ತದೆ. ಆ್ಯಪ್ ಹೆಸರು ತೋರಿಸಿದ ಮೇಲೆ ಹಕ್ಕಿಯನ್ನು ಕಣ್ಣಿಂದ ಹುಡುಕಿ ನೋಡುವುದು ನಿಮ್ಮ ಕೆಲಸ.

ಫೇಸ್‌ಬುಕ್ ಗ್ರೂಪ್‌ಗಳಲ್ಲಿ ಚರ್ಚೆ ಚೆನ್ನಾಗಿ ನಡೆಯುತ್ತದೆ, ಹಳೆಯ ಪೋಸ್ಟ್‌ಗಳನ್ನು ಹುಡುಕಲೂ ಬರುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಉತ್ತರ ಬೇಗ ಸಿಗುತ್ತದೆ, ಆದರೆ ಸಂಜೆ ಹೊತ್ತಿಗೆ ಅದು ಗುಡ್ ಮಾರ್ನಿಂಗ್ ಸಂದೇಶಗಳ ಕೆಳಗೆ ಹೂತುಹೋಗುತ್ತದೆ. ಊರಿನ ಹಕ್ಕಿ ನಡಿಗೆ ಯಾವಾಗ ಅಂತ ತಿಳಿಯಲು ವಾಟ್ಸ್‌ಆ್ಯಪ್ ಇರಲಿ, ಕಲಿಕೆಗೆ ಅದನ್ನೇ ನಂಬಬೇಡಿ.

ಹಂತ 4: ಸರಿಯಾಗಿ ಕೇಳುವುದು

ಇಡೀ ಮಾರ್ಗದರ್ಶಿಯಲ್ಲಿ ಹೆಚ್ಚು ಗಮನ ಕೊಡಬೇಕಾದ ಹಂತ ಇದು.

ಹಕ್ಕಿ ಗ್ರೂಪ್‌ಗಳಲ್ಲಿ ದಿನಾ ಕಾಣುವ ಪೋಸ್ಟ್ "ಐಡಿ ಪ್ಲೀಸ್". ಒಂದು ಫೋಟೋ, ಈ ಎರಡು ಪದ, ಮುಗಿಯಿತು. ಯಾರೋ ಒಬ್ಬರು ಹೆಸರು ಬರೆಯುತ್ತಾರೆ, ಕೇಳಿದವರು ಥ್ಯಾಂಕ್ಸ್ ಹೇಳುತ್ತಾರೆ. ಹೆಸರು ಸಿಕ್ಕಿತು, ಕಲಿಕೆ ಆಗಲಿಲ್ಲ. ಮುಂದಿನ ವಾರ ಅದೇ ಹಕ್ಕಿ ಬೇರೆ ಕೊಂಬೆಯ ಮೇಲೆ ಕೂತಿದ್ದರೆ ಮತ್ತೆ "ಐಡಿ ಪ್ಲೀಸ್".

ಪೋಸ್ಟ್ ಹಾಕುವ ಮೊದಲು ಹೀಗೆ ಮಾಡಿ. ಗ್ರೂಪಿನಲ್ಲಿ ಅದೇ ಪ್ರಶ್ನೆ ಮೊದಲು ಬಂದಿದೆಯಾ ಹುಡುಕಿ. ಆಮೇಲೆ ನಿಮ್ಮ ಊಹೆ ಬರೆಯಿರಿ. ಊಹೆಗೆ ಕಾರಣ ಬರೆಯಿರಿ. ಎಲ್ಲಿ ಅನುಮಾನ ಇದೆ ಅದನ್ನೂ ಬರೆಯಿರಿ. ಜಾಗ, ತಿಂಗಳು, ಹೊತ್ತು, ಹಕ್ಕಿ ಏನು ಮಾಡುತ್ತಿತ್ತು, ಗೊರವಂಕಕ್ಕಿಂತ ದೊಡ್ಡದಾ ಚಿಕ್ಕದಾ, ಇಷ್ಟು ಸೇರಿಸಿ. ಒಂದೇ ಫೋಟೋ ಬದಲು ಮೂರು ಕೋನದ ಫೋಟೋ ಇದ್ದರೆ ಮೂರನ್ನೂ ಹಾಕಿ. ಕೊಕ್ಕು, ಕಾಲು, ಬಾಲದ ಕೆಳಭಾಗ ಕಾಣುವ ಫೋಟೋ ಕಲಾತ್ಮಕವಾಗಿಲ್ಲದಿದ್ದರೂ ಅದೇ ಬೇಕಾಗುವುದು.

ಒಂದು ಉದಾಹರಣೆ ನೋಡೋಣ. ಗದ್ದೆ ಬದುವಿನಲ್ಲಿ ಬಿಳಿ ಹಕ್ಕಿ ನಿಂತಿದೆ. ಊರಲ್ಲಿ ಎಲ್ಲವನ್ನೂ ಬೆಳ್ಳಕ್ಕಿ ಅಂತಲೇ ಕರೆಯುತ್ತೇವೆ. ಆದರೆ ಹತ್ತಿರದಿಂದ ನೋಡಿದರೆ ನಾಲ್ಕು ಬಗೆ ಸಿಗಬಹುದು. ಗೋವಕ್ಕಿ ದನಗಳ ಹಿಂದೆ ಓಡಾಡುತ್ತದೆ, ಕೊಕ್ಕು ಹಳದಿ, ಕತ್ತು ಗಿಡ್ಡ, ಮರಿ ಮಾಡುವ ಕಾಲದಲ್ಲಿ ತಲೆ ಮತ್ತು ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಚಿಕ್ಕ ಬೆಳ್ಳಕ್ಕಿಯ ಕೊಕ್ಕು ತೆಳು, ಕಪ್ಪು. ಕಾಲು ಕಪ್ಪು, ಪಾದ ಮಾತ್ರ ಹಳದಿ. ಮಧ್ಯಮ ಬೆಳ್ಳಕ್ಕಿಯ ಹಳದಿ ಕೊಕ್ಕಿನ ತುದಿಯಲ್ಲಿ ಹೆಚ್ಚಾಗಿ ಕಪ್ಪು ಇರುತ್ತದೆ, ಬಾಯಿಯ ಗೆರೆ ಕಣ್ಣಿನ ಕೆಳಗೇ ನಿಲ್ಲುತ್ತದೆ. ದೊಡ್ಡ ಬೆಳ್ಳಕ್ಕಿಯಲ್ಲಿ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಸಂತಾನದ ಕಾಲದಲ್ಲಿ ದೊಡ್ಡ ಮತ್ತು ಮಧ್ಯಮ ಬೆಳ್ಳಕ್ಕಿಗಳ ಕೊಕ್ಕೂ ಕಪ್ಪಾಗುತ್ತದೆ. ಹಾಗಾಗಿ ಕೊಕ್ಕಿನ ಬಣ್ಣ ಒಂದನ್ನೇ ನೋಡಿ ತೀರ್ಮಾನಿಸಿದರೆ ಎಡವುತ್ತೇವೆ.

ಈಗ ನಿಮ್ಮ ಪೋಸ್ಟ್ ಹೀಗಿರಬಹುದು:

"ಮಂಡ್ಯ ಜಿಲ್ಲೆ, ಭತ್ತದ ಗದ್ದೆ, ಆಗಸ್ಟ್, ಬೆಳಗ್ಗೆ. ಮಧ್ಯಮ ಬೆಳ್ಳಕ್ಕಿ ಅನಿಸುತ್ತದೆ. ಕೊಕ್ಕು ಹಳದಿ, ತುದಿ ಕಪ್ಪು. ಬಾಯಿಯ ಗೆರೆ ಕಣ್ಣಿನ ಕೆಳಗೆ ನಿಂತಂತೆ ಕಾಣುತ್ತದೆ, ಆದರೆ ಎರಡನೇ ಫೋಟೋದಲ್ಲಿ ಸ್ವಲ್ಪ ಹಿಂದಕ್ಕೆ ಹೋದ ಹಾಗಿದೆ. ದೊಡ್ಡ ಬೆಳ್ಳಕ್ಕಿ ಇರಬಹುದಾ? ಬೇರೆ ಯಾವ ಗುರುತು ನೋಡಬೇಕು?"

ಇಂಥ ಪೋಸ್ಟಿಗೆ ಬರುವ ಉತ್ತರವೇ ಬೇರೆ. ಹೆಸರಿನ ಜೊತೆ "ಕತ್ತಿನ ತಿರುವು ನೋಡಿ", "ತಲೆಯ ಆಕಾರ ನೋಡಿ" ಅನ್ನುವ ಮಾತು ಬರುತ್ತದೆ. ಕೇಳಿದವರು ತಲೆ ಓಡಿಸಿದ್ದಾರೆ ಅಂತ ಗೊತ್ತಾದಾಗ ತಿಳಿದವರಿಗೂ ಬರೆಯುವ ಮನಸ್ಸು ಬರುತ್ತದೆ, ಅಲ್ವಾ? ಉತ್ತರ ಬರುವ ಮೊದಲೇ ನೀವು ಅರ್ಧ ಕಲಿತಿರುತ್ತೀರಿ, ಯಾಕೆಂದರೆ ಬರೆಯುವುದಕ್ಕಾಗಿ ಕೊಕ್ಕು, ಗೆರೆ, ಕಾಲು ಎಲ್ಲವನ್ನೂ ಮತ್ತೆ ನೋಡಬೇಕಾಗುತ್ತದೆ.

ಕನ್ನಡದಲ್ಲಿ ಕೇಳಲು ಹಿಂಜರಿಯಬೇಡಿ. ಕನ್ನಡ ಗ್ರೂಪ್‌ಗಳಲ್ಲಂತೂ ಸರಿಯೇ, ಅಖಿಲ ಭಾರತ ಗ್ರೂಪ್‌ನಲ್ಲೂ ಕನ್ನಡದ ಜೊತೆ ಎರಡು ಸಾಲು ಇಂಗ್ಲಿಷ್ ಸೇರಿಸಿದರೆ ಸಾಕು. ವ್ಯಾಕರಣ ಯಾರೂ ನೋಡುವುದಿಲ್ಲ.

ಹಂತ 5: ತಿದ್ದಿದಾಗ "ಯಾಕೆ" ಅಂತ ಕೇಳಿ

ನೀವು ಕಂದುತಲೆ ಕುಟ್ರ ಅಂದಿರಿ, ಯಾರೋ ಬಿಳಿಗೆನ್ನೆ ಕುಟ್ರ ಅಂದರು. ತಕ್ಷಣ ಒಪ್ಪಬೇಡಿ, ಬಿಗಿಯಾಗಿ ವಾದಿಸಲೂ ಬೇಡಿ. "ಯಾವ ಗುರುತಿನಿಂದ ಹೇಳಿದಿರಿ?" ಅಂತ ಕೇಳಿ. ಕಂದುತಲೆ ಕುಟ್ರದ ಕಣ್ಣಿನ ಸುತ್ತ ಗರಿಯಿಲ್ಲದ ಹಳದಿ ಕಿತ್ತಳೆ ಚರ್ಮ ಕೊಕ್ಕಿನವರೆಗೆ ಹರಡಿರುತ್ತದೆ, ಬಿಳಿಗೆನ್ನೆಯದರಲ್ಲಿ ಕಣ್ಣಿನ ಕೆಳಗೆ ಅಗಲವಾದ ಬಿಳಿ ಪಟ್ಟಿ ಇರುತ್ತದೆ ಅಂತ ಅವರು ಹೇಳಿದರೆ, ನಿಮ್ಮ ಫೋಟೋಗೆ ಹೋಗಿ ನೀವೇ ನೋಡಿ. ಕಂಡರೆ ಮಾತ್ರ ಐಡಿ ಬದಲಿಸಿ.

ಐನ್ಯಾಚುರಲಿಸ್ಟ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬಂದ ಹೆಸರಿಗೆ ಕಣ್ಣುಮುಚ್ಚಿ "ಒಪ್ಪಿಗೆ" ಒತ್ತಿದರೆ ಆ ದಾಖಲೆ ರಿಸರ್ಚ್ ಗ್ರೇಡ್ ಆಗಿಬಿಡಬಹುದು. ಆಗ ಒಬ್ಬರ ತಪ್ಪಿಗೆ ಇಬ್ಬರ ಮೊಹರು ಬೀಳುತ್ತದೆ. ನಿಮಗೆ ಸ್ವತಃ ಗುರುತು ಕಾಣುವವರೆಗೆ ಸುಮ್ನೆ ಬಿಡಿ.

ಹಂತ 6: ಕಲಿತದ್ದನ್ನು ಫೀಡಿನಿಂದ ಹೊರಗೆ ತನ್ನಿ

ಸೇವ್ ಮಾಡಿದ ಪೋಸ್ಟ್‌ಗಳನ್ನು ಎಷ್ಟು ಜನ ಮತ್ತೆ ತೆರೆದು ನೋಡುತ್ತಾರೆ? ಸೇವ್ ಒತ್ತಿದಾಗ ಕಲಿತಂತೆ ಅನಿಸುತ್ತದೆ, ಅದೇ ಅದರ ತೊಂದರೆ. ಮೂಲ ಪೋಸ್ಟ್ ಅಳಿಸಿಹೋದರೆ ನಿಮ್ಮ ಸೇವ್ ಕೂಡ ಹೋಯಿತು.

ಒಂದು ನೋಟ್‌ಬುಕ್ ಇಡಿ, ಕಾಗದದ್ದೇ ಆದರೆ ಇನ್ನೂ ಒಳ್ಳೆಯದು. ಒಂದು ಹಕ್ಕಿಗೆ ಒಂದು ಪುಟ. ಹೆಸರು, ನೀವು ಕಂಡ ಜಾಗ, ಬೇರೆ ಯಾವುದರ ಜೊತೆ ಗೊಂದಲ ಆಗುತ್ತದೆ, ಬೇರ್ಪಡಿಸುವ ಗುರುತು. ಪುಸ್ತಕದ ವಿವರ ನಕಲು ಮಾಡಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ. ಬೆಳಗ್ಗೆ ಹೊರಗಿದ್ದಾಗ ನೋಟ್‌ಬುಕ್ ಇಲ್ಲದಿದ್ದರೆ ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ನಂಬರಿಗೇ ಸಂದೇಶ ಕಳಿಸಿಕೊಳ್ಳಿ, ಮನೆಗೆ ಬಂದ ಮೇಲೆ ಪುಟಕ್ಕೆ ಏರಿಸಿ.

ಮರೆವಿನ ಬಗ್ಗೆ ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲೇ ಬರೆದಿದ್ದರು. ಕಲಿತದ್ದು ಮೊದಲ ಕೆಲವು ಗಂಟೆ, ದಿನಗಳಲ್ಲಿ ವೇಗವಾಗಿ ಜಾರುತ್ತದೆ, ಆಮೇಲೆ ನಿಧಾನವಾಗುತ್ತದೆ. ಹಾಗಾಗಿ ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ಪುಟ ತಿರುವಿ. ತಿರುವುವ ಮೊದಲು ಹೆಸರು ಓದಿ, ಗುರುತು ನೆನಪು ಮಾಡಿಕೊಳ್ಳಿ, ಆಮೇಲೆ ನೋಡಿ. ಫೋನೇ ಇಷ್ಟ ಅನ್ನುವವರಿಗೆ ಆಂಕಿ ಆ್ಯಪ್ ಇದೆ. ನಿಮ್ಮದೇ ಫೋಟೋ ಮುಂದೆ, ಹೆಸರು ಹಿಂದೆ ಹಾಕಿ ಕಾರ್ಡ್ ಮಾಡಿಕೊಂಡರೆ ಯಾವತ್ತು ಯಾವುದನ್ನು ನೋಡಬೇಕು ಅಂತ ಅದೇ ಲೆಕ್ಕ ಹಾಕುತ್ತದೆ.

ಹಂತ 7: ನಂಬುವ ಮೊದಲು ಪಕ್ಕದ ತಾಣ ನೋಡಿ

ಹಕ್ಕಿಗಳ ಹೆಸರಲ್ಲೂ ಸುಳ್ಳು ಓಡಾಡುತ್ತದೆ. ಕಂಪ್ಯೂಟರ್‌ನಲ್ಲಿ ಹುಟ್ಟಿಸಿದ ನೇರಳೆ ಗೂಬೆ, ಕಾಮನಬಿಲ್ಲಿನ ಬಣ್ಣದ ಪಾರಿವಾಳ, ಅದರ ಕೆಳಗೆ "ಹಿಮಾಲಯದಲ್ಲಿ ಮಾತ್ರ ಸಿಗುವ ಅಪರೂಪದ ಹಕ್ಕಿ" ಅನ್ನುವ ಬರಹ. ಇಂಥದ್ದನ್ನು ಅದೇ ಪುಟದಲ್ಲಿ ಕೂತು ಪರೀಕ್ಷಿಸಲು ಹೋದರೆ ಸಮಯ ಹಾಳು. ಹೊರಗೆ ಬನ್ನಿ. ಹೇಳಿದ ಹೆಸರನ್ನು ಇಬರ್ಡ್‌ನಲ್ಲಿ ಹುಡುಕಿ. ಆ ಹೆಸರಿನ ಹಕ್ಕಿ ಇದೆಯಾ, ನಕ್ಷೆಯಲ್ಲಿ ಆ ಜಾಗದಲ್ಲಿ ಚುಕ್ಕೆ ಇದೆಯಾ, ಆ ತಿಂಗಳಲ್ಲಿ ಬರುತ್ತದೆಯಾ ನೋಡಿ. ಗೂಗಲ್ ಲೆನ್ಸ್‌ಗೆ ಚಿತ್ರ ಕೊಟ್ಟರೆ ಅದು ಮೊದಲು ಎಲ್ಲೆಲ್ಲಿ ಕಾಣಿಸಿದೆ ಅಂತ ತಿಳಿಯಬಹುದು.

ತಿಂಗಳು ನೋಡುವ ಅಭ್ಯಾಸ ಬೇರೆ ರೀತಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ. ಮೇ ತಿಂಗಳಲ್ಲಿ "ಇವತ್ತು ಮಾಗಡಿಯಲ್ಲಿ ನೂರಾರು" ಅನ್ನುವ ಪೋಸ್ಟ್ ಕಂಡರೆ ಅದು ಹಳೆಯ ಚಿತ್ರ ಇರಬೇಕು ಅಂತ ನಿಮಗೇ ಹೊಳೆಯುತ್ತದೆ.

ಹಂತ 8: ಬೇರೆಯವರಿಗೆ ಉತ್ತರ ಹೇಳಿ

ಹತ್ತು ಹನ್ನೆರಡು ಹಕ್ಕಿಗಳು ಗಟ್ಟಿಯಾದ ಮೇಲೆ ತಿರುಗಿ ನಿಲ್ಲಿ. ಐನ್ಯಾಚುರಲಿಸ್ಟ್‌ನ ಐಡೆಂಟಿಫೈ ಪುಟಕ್ಕೆ ಹೋಗಿ ನಿಮ್ಮ ಜಿಲ್ಲೆ ಆರಿಸಿ. ಇನ್ನೂ ಒಪ್ಪಿಗೆ ಸಿಗದ ಚಿತ್ರಗಳು ಸಾಲಾಗಿ ಕೂತಿರುತ್ತವೆ. ಗೊತ್ತಿರುವುದಕ್ಕೆ ಮಾತ್ರ ಹೆಸರು ಹಾಕಿ, ಜೊತೆಗೆ ಒಂದು ಸಾಲು ಕಾರಣ ಬರೆಯಿರಿ. ಇದರಷ್ಟು ಕಲಿಸುವ ಕೆಲಸ ಇನ್ನೊಂದಿಲ್ಲ. ನಿಮ್ಮದೇ ಫೋಟೋದಲ್ಲಿ ಹಕ್ಕಿ ಚೆನ್ನಾಗಿ ಕೂತಿರುತ್ತದೆ. ಬೇರೆಯವರ ಫೋಟೋದಲ್ಲಿ ಅದು ಬೆನ್ನು ತೋರಿಸಿರುತ್ತದೆ, ಎಲೆಯ ಹಿಂದೆ ಇರುತ್ತದೆ, ಮರಿಯಾಗಿರುತ್ತದೆ. ಹೀಗೆ ನೂರಾರು ನೋಡಿದಾಗ ಕಣ್ಣು ಪಳಗುತ್ತದೆ.

ಬರೆಯುವ ಆಸೆ ಇದ್ದವರು ಕನ್ನಡ ವಿಕಿಪೀಡಿಯಕ್ಕೂ ಕೈ ಹಾಕಬಹುದು. 2003ರಲ್ಲಿ ಶುರುವಾದ ಅದರಲ್ಲಿ ನಮ್ಮ ಸುತ್ತಲಿನ ಜೀವಿಗಳ ಬಗ್ಗೆ ಬರೆಯಲು ಇನ್ನೂ ಬೇಕಾದಷ್ಟು ಜಾಗ ಇದೆ. ನಿಮ್ಮೂರಿನಲ್ಲಿ ಆ ಹಕ್ಕಿಗೆ ಏನನ್ನುತ್ತಾರೆ ಅಂತ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಹೆಸರುಗಳು ಫೋನಿನೊಳಗೆ ತಾವಾಗಿ ಬರುವುದಿಲ್ಲ, ನಾವೇ ತರಬೇಕು.

ಹಂತ 9: ಹಕ್ಕಿಗೂ ನಿಮಗೂ ತೊಂದರೆ ಆಗದಿರಲಿ

ಗೂಡಿನ ಫೋಟೋವನ್ನು ಜಾಗದ ಸಮೇತ ಹಾಕಬೇಡಿ. ಒಂದು ವೈರಲ್ ಪೋಸ್ಟ್ ಸಾಕು, ಮರುದಿನ ಗೂಡಿನ ಮುಂದೆ ಹತ್ತು ಕ್ಯಾಮೆರಾ ನಿಂತಿರುತ್ತವೆ, ತಾಯಿ ಹಕ್ಕಿ ಹತ್ತಿರ ಬರುವುದಿಲ್ಲ. ದನಿ ಕೇಳಿಸಿ ಹಕ್ಕಿಯನ್ನು ಹತ್ತಿರ ಕರೆಯುವುದೂ ಬೇಡ, ಅದಕ್ಕೆ ಅದು ಎದುರಾಳಿಯ ಕೂಗು. ಅಪಾಯದಲ್ಲಿರುವ ಜಾತಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿ ಮಸುಕು ಮಾಡುತ್ತದೆ. ಉಳಿದವುಗಳಿಗೆ ಆ ಆಯ್ಕೆ ನಿಮ್ಮ ಕೈಯಲ್ಲಿದೆ. ಮನೆಯಂಗಳದ ಹಕ್ಕಿ ಹಾಕುವಾಗಲೂ ಅದನ್ನೇ ಬಳಸಿ, ಇಲ್ಲದಿದ್ದರೆ ನಿಮ್ಮ ಮನೆಯ ಜಾಗ ಎಲ್ಲರಿಗೂ ತಿಳಿಯುತ್ತದೆ. ಮಕ್ಕಳು ಕಲಿಯುತ್ತಿದ್ದರೆ ಖಾತೆ ದೊಡ್ಡವರ ಹೆಸರಲ್ಲೇ ಇರಲಿ.

ಹೊತ್ತಿಗೂ ಒಂದು ಗಡಿ ಹಾಕಿಕೊಳ್ಳಿ. ಫೋನಿನಲ್ಲಿ ಕಳೆಯುವಷ್ಟೇ ಹೊತ್ತು ಹೊರಗೆ ಕಳೆಯಬೇಕು ಅನ್ನುವುದು ನನ್ನ ನಿಯಮ. ನೋಟಿಫಿಕೇಶನ್‌ಗಳಲ್ಲಿ ನಿಮ್ಮ ಪೋಸ್ಟಿಗೆ ಬರುವ ಉತ್ತರ ಮಾತ್ರ ಇರಲಿ, ಉಳಿದದ್ದು ಆಫ್.

ಹಂತ 10: ಫೆಬ್ರವರಿಯ ಎಣಿಕೆಗೆ ಸೇರಿ

ಇಷ್ಟೆಲ್ಲ ಕಲಿತದ್ದನ್ನು ಒರೆಗೆ ಹಚ್ಚಲು ಪ್ರತಿ ವರ್ಷ ಒಂದು ಅವಕಾಶ ಬರುತ್ತದೆ. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಫೆಬ್ರವರಿಯಲ್ಲಿ ನಾಲ್ಕು ದಿನ, ಶುಕ್ರವಾರದಿಂದ ಸೋಮವಾರದವರೆಗೆ ನಡೆಯುತ್ತದೆ. ಭಾರತದವರು 2013ರಿಂದ ಇದರಲ್ಲಿ ಸೇರುತ್ತಿದ್ದಾರೆ. ಎಲ್ಲಿ ಬೇಕಾದರೂ, ಕನಿಷ್ಠ 15 ನಿಮಿಷ ನಿಂತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ ಇಬರ್ಡ್‌ಗೆ ಹಾಕಬೇಕು. ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೋಗಬೇಕಾಗಿಲ್ಲ, ಶಾಲೆಯ ಅಂಗಳವೂ ನಡೆಯುತ್ತದೆ. ಆ ವಾರ ಗ್ರೂಪ್‌ಗಳಲ್ಲಿ ಹುರುಪು ಜಾಸ್ತಿ, ಪ್ರಶ್ನೆಗಳಿಗೆ ಉತ್ತರವೂ ಬೇಗ ಸಿಗುತ್ತದೆ, ಹತ್ತಿರದ ನಡಿಗೆಗಳ ಸುದ್ದಿಯೂ ಬರುತ್ತದೆ. ಫೋನಿನಲ್ಲಿ ನಿಮ್ಮನ್ನು ತಿದ್ದಿದವರ ಪಕ್ಕದಲ್ಲೇ ನಿಂತು ಒಂದೇ ಹಕ್ಕಿಯನ್ನು ನೋಡುವ ಅವಕಾಶ ಸಿಕ್ಕರೆ ತಪ್ಪಿಸಬೇಡಿ.

ಚೆಕ್‌ಲಿಸ್ಟ್ ಹಾಕುವಾಗ ಗುರುತು ಸಿಗದ ಹಕ್ಕಿ ಇದ್ದರೆ ಸುಮ್ಮನೆ ಒಂದು ಹೆಸರು ಊಹಿಸಿ ತುಂಬಬೇಡಿ. ಜಾತಿ ತಿಳಿಯದ ಬೆಳ್ಳಕ್ಕಿ, ಜಾತಿ ತಿಳಿಯದ ಕುಟ್ರ ಅಂತ ಹಾಕುವ ಆಯ್ಕೆ ಇಬರ್ಡ್‌ನಲ್ಲಿ ಇದೆ. ಅದನ್ನೇ ಹಾಕಿ, ಫೋಟೋ ಸೇರಿಸಿ, ಗ್ರೂಪಿನಲ್ಲಿ ಕಾರಣ ಸಮೇತ ಕೇಳಿ. ಉತ್ತರ ಬಂದ ಮೇಲೆ ಚೆಕ್‌ಲಿಸ್ಟ್ ತೆರೆದು ತಿದ್ದಬಹುದು.